ಕುಳ್ಳ ಗೆರೆಗಳು

ಮಕ್ಕಳ ಹಾಡುಗಳಿಗೆ ಅಣ್ಣ ಕೀಬೋರ್ಡ್ ನುಡಿಸುತ್ತಿದ್ದ. ತಂಗಿ ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಅದನ್ನು ಹಿಡಿದು ತಿದ್ದುತ್ತಿದ್ದಳು. ಎರಡರ ನಡುವೆ ಒಂದು ವೈರು. ಅದರೊಳಗೆ ನಾದ ಹರಿಯುವುದಿಲ್ಲ, ಬರೀ ಸುದ್ದಿ ಹೋಗುತ್ತದೆ: ಯಾವ ಕೀ ಒತ್ತಿದ, ಎಷ್ಟು ಬಲವಾಗಿ ಒತ್ತಿದ, ಯಾವಾಗ ಬಿಟ್ಟ. ಆ ಸುದ್ದಿ ತಿಳಿದು ಕಂಪ್ಯೂಟರೇ ದನಿ ಹೊರಡಿಸಬೇಕು. ಒತ್ತಿದ ಬಲವೆಲ್ಲ ಪರದೆಯ ಮೇಲೆ ಅಷ್ಟಷ್ಟೇ ಎತ್ತರದ ಗೆರೆಗಳಾಗಿ ನಿಲ್ಲುತ್ತಿತ್ತು, ಪಾತಿಯಲ್ಲಿ ಸಾಲಾಗಿ ಎದ್ದ ಸಸಿಗಳ ಹಾಗೆ.

ಈಚೆಗೆ ಅಣ್ಣನ ಎಡಗೈಯ ಕೊನೆಯ ಎರಡು ಬೆರಳುಗಳ ಗೆರೆ ಸರಿಯಾಗಿ ಏಳುತ್ತಿರಲಿಲ್ಲ. ಅವನ ಉದಾಸೀನವೆಂದುಕೊಂಡು ಅವಳು ಆ ಕುಳ್ಳ ಗೆರೆಗಳನ್ನು ಮೌಸಿನಿಂದ ಮೇಲೆಳೆದು ಸಮ ಮಾಡಿಬಿಡುತ್ತಿದ್ದಳು. ಕೇಳಿದವರು ಹೊಗಳುತ್ತಿದ್ದರು. ಹಾಡಿನಿಂದ ಹಾಡಿಗೆ ಎಳೆಯುವ ಕೆಲಸ ಹೆಚ್ಚಿತು. ಇವತ್ತು ಕೆಲವು ಕಡೆ ಗೆರೆಯೇ ಇರಲಿಲ್ಲ. ಅವಳು ಮೌಸು ಬಿಟ್ಟಳು.

ತಿದ್ದದೆ ಹಾಗೇ ಅಣ್ಣನಿಗೆ ಕೇಳಿಸಿದಳು.

"ಇದೇನೇ, ಅರ್ಧ ಹಾಡು ತಿಂದುಹಾಕಿದ್ದೀಯ?"

"ನಾನು ಮುಟ್ಟೇ ಇಲ್ಲ ಅಣ್ಣ. ನೀನು ನುಡಿಸಿದ್ದೇ ಇದು."

"ಹಾಗಾದ್ರೆ ವೈರ್ ಕೆಟ್ಟಿದೆ. ಬೇರೆ ಹಾಕು."

ಹಾಕಿದಳು. ವೈರೇ ಕೆಟ್ಟಿರಲಿ ಎಂದು ಒಳಗೊಳಗೇ ಬೇಡಿಕೊಂಡಳು. ಅಣ್ಣ ಎಡಗೈಯ ಕಿರುಬೆರಳಿನಿಂದ ಒತ್ತಿದ, ಗೆರೆ ನೆಲ ಬಿಟ್ಟು ಏಳಲಿಲ್ಲ. ಅದೇ ಕೀಯನ್ನು ಅವಳು ತನ್ನ ಕಿರುಬೆರಳಿನಿಂದ ಒತ್ತಿದಳು. ಗೆರೆ ನೆಟ್ಟಗೆ ನಿಂತಿತು.

"ನಿನ್ನ ಕಂಡ್ರೆ ಅದಕ್ಕೂ ಹೆದರಿಕೆ," ಎಂದ ಅಣ್ಣ. ಇಬ್ಬರಿಗೂ ನಗು ಬರಲಿಲ್ಲ.

"ಯಾವಾಗಿಂದ ಹೀಗೆ?"

"ಸ್ವಲ್ಪ ಜೋಮು ಹಿಡಿದ ಹಾಗಿರುತ್ತೆ. ನುಡಿಸುವಾಗ ಸಣ್ಣಗೆ ಕೇಳಿಸೋದು. ಆಮೇಲೆ ನೀನು ಹಾಡು ಹಾಕಿ ಕೇಳಿಸಿದಾಗ ಎಲ್ಲ ಸರಿಯಾಗೇ ಇರೋದು. ನನ್ನ ಕಿವಿಗೇ ವಯಸ್ಸಾಯ್ತು ಅಂದ್ಕೊಂಡೆ."

"ನಾನೇ ಎತ್ತಿ ನಿಲ್ಲಿಸ್ತಿದ್ದೆ ಅಣ್ಣ. ಎಲ್ಲಾ ಹಾಡಲ್ಲೂ."

ಬಯ್ಯುತ್ತಾನೆಂದು ಕಾದಳು. ಅವನು ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದ. ಕೊನೆಯ ಎರಡು ಹಿಂದೆ ಬಿದ್ದವು.

"ಏಳು, ಆಸ್ಪತ್ರೆಗೆ ಹೋಗೋಣ."

"ನಾಳೆ ಹಾಡು ಕೊಡಬೇಕಲ್ಲೇ."

"ಹಾಡು ಹಾಳಾಗಿ ಹೋಗ್ಲಿ, ಏಳೋ ಮಾರಾಯ!"

ಅಣ್ಣ ಗೂಟದಿಂದ ಅಂಗಿ ತೆಗೆದು ತೊಟ್ಟ. ಮೊದಲ ಗುಂಡಿ ಹೇಗೋ ಸಿಕ್ಕಿತು. ಎರಡನೆಯದು ಜಾರಿತು, ಮತ್ತೆ ಜಾರಿತು. ಅವಳು ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು. ಡಾಕ್ಟರು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ಯಾವ ಬೆರಳು ಸೋಲುತ್ತಿದೆಯೆಂದು ಕಣ್ಣು ಕೀಳದೆ ನೋಡತೊಡಗಿದಳು.