ಎಡಗಣ್ಣು

"ಕೈ ಚಾಚು. ಇನ್ನೂ ಚಾಚು. ಬೆನ್ನು ಗೋಡೆಗೆ ಅಂಟ್ಕೊಳ್ಲಿ," ಎಂದ ಡ್ವೇನ್.

ಲೀಲಂಡ್ ಓಯಲಾ ಎರಡೂ ತೋಳುಗಳನ್ನು ಅಗಲಿಸಿ, ಡ್ವೇನ್‌ನ ಬೇಟೆ ಸಾಮಾನಿನ ಅಂಗಡಿಯ ಗೋಡೆಗೆ ಅಡ್ಡಲಾಗಿ ಮೊಳೆ ಹೊಡೆದಿದ್ದ ಅಳತೆಪಟ್ಟಿಗೆ ಒರಗಿ ನಿಂತ. ಡ್ವೇನ್ ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗೆ ಕಣ್ಣಾಡಿಸಿ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ರಟ್ಟಿನ ತುಂಡಿನ ಮೇಲೆ ಬರೆದುಕೊಂಡ. ಎಪ್ಪತ್ತೊಂದು ಇಂಚು. ಅವನು ಗುಣಿಸಿ ಭಾಗಿಸುವ ಮೊದಲೇ ಲೀಲಂಡ್ ಮನಸ್ಸಿನಲ್ಲೇ ಲೆಕ್ಕ ಮುಗಿಸಿದ್ದ. ಎರಡೂವರೆಯಿಂದ ಭಾಗಿಸಿದರೆ ಇಪ್ಪತ್ತೆಂಟೂವರೆಗೆ ಕೂದಲೆಳೆಯಷ್ಟು ಕಡಿಮೆ. ಬಿಲ್ಲಿನ ಹೆದೆಯನ್ನು ಅವನು ಎಳೆಯಬೇಕಾದ ಉದ್ದ ಅದು. ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಇಪ್ಪತ್ತಾರು ವರ್ಷ ಮಾಪಕಗಳನ್ನು ಓದಿದವನಿಗೆ ಸಂಖ್ಯೆಗಳ ಮುಂದೆ ನಿಂತರೆ ಉಸಿರಾಟ ಸ್ವಲ್ಪ ಸಲೀಸಾಗುತ್ತಿತ್ತು.

"ವಾರನ್‌ದೂ ಹೆಚ್ಚುಕಡಿಮೆ ಇಷ್ಟೇ ಇರ್ತಿತ್ತು," ಎಂದಳು ಕೊರಿನ್.

ಬೆಟ್ಟು ಮಾಡಿ ತೋರಿಸಿದಂತಿದ್ದ ಆ ಹೆಸರಿಗೆ ಡ್ವೇನ್‌ನ ಪೆನ್ಸಿಲ್ ಒಂದು ಕ್ಷಣ ನಿಂತಿತು. ಲೀಲಂಡ್‌ನ ಎದುರಿಗೆ ಅವನ ಅಣ್ಣನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅಣ್ಣನ ಹೆಂಡತಿಯೇ ಎತ್ತಿದರೆ ಯಾರು ಏನೆನ್ನಬೇಕು? ಅವಳು ಗಾಳದ ಹುಳುಗಳನ್ನಿಡುವ ಫ್ರಿಜ್ಜಿನ ಪಕ್ಕ ಸ್ಟೂಲಿನ ಮೇಲೆ, ಕಾಲುಗಳ ನಡುವೆ ಖಾಲಿ ಪೆಟ್ಟಿಗೆ ಇಟ್ಟುಕೊಂಡು ಕುಳಿತಿದ್ದಳು. ಆ ಪೆಟ್ಟಿಗೆಯಲ್ಲಿದ್ದ, ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲನ್ನು ಅವಳು ಕೊಂಡದ್ದು ಐದು ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಕ್ರಿಸ್‌ಮಸ್‌ಗೆ ಗಂಡನಿಗೆ ಕೊಡಲೆಂದು. ನವೆಂಬರಿನಲ್ಲಿ ಗಂಡ ಸತ್ತ. ಮೊನ್ನೆ ಲೀಲಂಡ್‌ನ ರದ್ದಾಗಿದ್ದ ಬೇಟೆ ಪರವಾನಗಿ ವಾಪಸು ಬಂದ ಸುದ್ದಿ ಕೇಳಿ, ಇವತ್ತು ಅವಳೇ ಗಾಡಿ ತೆಗೆದುಕೊಂಡು ಅವನ ಮನೆಮುಂದೆ ಬಂದು ಹಾರ್ನ್ ಹೊಡೆದಿದ್ದಳು.

"ನಾನು ಮತ್ತೆ ಬೇಟೆ ಆಡಲ್ಲ, ಕೊರಿನ್."

"ಬಂದೂಕು ಬೇಡ. ಬಿಲ್ಲಾದ್ರೆ ಇಪ್ಪತ್ತು ಗಜ ಹತ್ರಕ್ಕೆ ಬರ್ಬೇಕು. ಮುಖ ನೋಡ್ಕೊಂಡು ಹೊಡಿತೀಯ. ನನ್ನ ಫ್ರೀಜರಲ್ಲಿ ಜಿಂಕೆ ಮಾಂಸ ಕಂಡು ಐದು ಚಳಿಗಾಲ ಆಯ್ತು. ಹತ್ತು, ಗಾಡಿ."

ಅವನು ಹತ್ತಿದ್ದ.

ಡ್ವೇನ್ ಬಿಲ್ಲನ್ನು ಒತ್ತುಯಂತ್ರದ ಬಾಯಿಗೆ ಕೊಟ್ಟು ಹಿಡಿಕೆ ತಿರುಗಿಸಿದ. ಬಿಲ್ಲಿನ ಎರಡು ಕೈಗಳು ಮೆಲ್ಲಗೆ ಬಾಗಿ ಹೆದೆ ಸಡಿಲವಾಯಿತು. "ಐದು ವರ್ಷ ಪೆಟ್ಟಿಗೇಲಿ ಮಲಗಿದ್ದ ಹೆದೆ. ಹೊಸದು ಹಾಕೋಣ. ಎಳೆಯೋ ಭಾರನೂ ಐವತ್ತು ಪೌಂಡಿಗೆ ಇಳಿಸ್ತೀನಿ. ಈ ವಯಸ್ಸಲ್ಲಿ ಭುಜ ಕಿತ್ಕೊಂಡ್ರೆ ಹೆಂಡ್ತಿ ಇಲ್ದೋನಿಗೆ ಎಣ್ಣೆ ತಿಕ್ಕೋರು ಯಾರಿದಾರೆ?"

"ನೀನೇ ತಿಕ್ಕು. ಮೆತ್ತಗಿದೆ ನಿನ್ನ ಕೈ."

ಕೊರಿನ್ ನಕ್ಕಳು. ಆ ನಗು ಕೇಳಿ ಲೀಲಂಡ್ ಬೇರೆ ಕಡೆ ನೋಡಿದ. ಪ್ರತಿ ಭಾನುವಾರ ಅವಳ ಅಡಿಗೆಮನೆಯಲ್ಲಿ ಊಟ ಮಾಡುವಾಗ ಕೇಳದ ನಗು ಅದು.

"ಹೆದೇಲಿ ಗುರಿ ನೋಡೋ ಉಂಗುರ ಕೂರಿಸೋಕೆ ಮುಂಚೆ ಕಣ್ಣು ಪರೀಕ್ಷೆ," ಎಂದ ಡ್ವೇನ್. "ಎರಡೂ ಅಂಗೈ ಮುಂದಕ್ಕೆ ಚಾಚಿ ಜೋಡಿಸು. ಮಧ್ಯ ಸಣ್ಣ ಕಿಂಡಿ ಬಿಡು. ಎರಡೂ ಕಣ್ಣು ತೆರೆದು ಆ ಕಿಂಡೀಲಿ ನನ್ನ ಮೂಗು ನೋಡು. ಚೆಂದದ ಮೂಗು, ಹುಡುಕೋದು ಕಷ್ಟ ಇಲ್ಲ."

ಲೀಲಂಡ್ ನೋಡಿದ. ಡ್ವೇನ್ ಆ ಕಡೆಯಿಂದ ಕಿಂಡಿಯೊಳಗೆ ಇಣುಕಿ, ಹುಬ್ಬು ಗಂಟು ಹಾಕಿ, ಮತ್ತೊಮ್ಮೆ ಮಾಡು ಎಂದ. ಮೂರು ಸಲ ಮಾಡಿಸಿದ.

"ಎಡಗಣ್ಣು."

"ಏನು?"

"ಕಿಂಡೀಲಿ ನಂಗೆ ಕಾಣ್ತಿರೋದು ನಿನ್ನ ಎಡಗಣ್ಣು. ಬಲಗೈ ಮನುಷ್ಯ, ಯಜಮಾನಿಕೆ ಎಡಗಣ್ಣಿಂದು. ನಮ್ಮ ಮನೆ ಥರಾನೇ. ಕೈ ನಂದು, ತೀರ್ಮಾನ ಅವಳದು. ನಲವತ್ತು ವರ್ಷ ಬಲಭುಜದ ಮೇಲೆ ಬಂದೂಕಿಟ್ಟು ಹೊಡೆದೆಯಲ್ಲ, ಯಾರೂ ಹೇಳ್ಲಿಲ್ವಾ? ಈ ಬಿಲ್ಲು ಬಲಗೈದು. ನಿಂಗೆ ಎಡಗೈ ಬಿಲ್ಲು ಬೇಕು, ಇಲ್ಲಾ ಆ ಕಣ್ಣಿಗೆ ಪಟ್ಟಿ ಕಟ್ಕೋಬೇಕು."

ಕೊರಿನ್ ಎದ್ದಳು. ಖಾಲಿ ಪೆಟ್ಟಿಗೆ ಪಕ್ಕಕ್ಕೆ ಉರುಳಿತು.

"ಹಂಗಂದ್ರೆ ಏನಾಗತ್ತೆ, ಡ್ವೇನ್?"

"ಗುರಿ ಪಕ್ಕಕ್ಕೆ ಹೋಗತ್ತೆ. ಕೈ ಒಂದ್ಕಡೆ, ನೋಟ ಒಂದ್ಕಡೆ."

"ಬಂದೂಕಲ್ಲೂ?"

"ಬಂದೂಕಲ್ಲೂ ಆಗತ್ತೆ, ಆದ್ರೆ..." ಡ್ವೇನ್ ಮಾತು ನುಂಗಿದ. ಎಲ್ಲಿಗೆ ಬಂದು ನಿಂತೆ ಎಂದು ಅವನಿಗೆ ಆಗ ಹೊಳೆಯಿತು. ಚಿಂದಿ ಬಟ್ಟೆ ಎತ್ತಿಕೊಂಡು, ಒರೆಸಬೇಕಿಲ್ಲದ ಯಂತ್ರವನ್ನು ಒರೆಸತೊಡಗಿದ.

ಆ ನವೆಂಬರಿನ ಬೆಳಿಗ್ಗೆ ವಾರನ್ ಜೌಗಿನ ಆ ತುದಿಯಲ್ಲಿ ಒಂದು ಗಂಡು ಜಿಂಕೆಯನ್ನು ಹೊಡೆದು, ಕೊಂಬು ಹಿಡಿದು ಪೊದೆಗಳ ನಡುವೆ ಎಳೆದುಕೊಂಡು ಬರುತ್ತಿದ್ದ. ಬೆವರಿತೆಂದು, ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ಹಾಕುವ ಕಿತ್ತಳೆ ಬಣ್ಣದ ಕೋಟು ಬಿಚ್ಚಿ ಸೊಂಟಕ್ಕೆ ಕಟ್ಟಿದ್ದ. ಈ ತುದಿಯಲ್ಲಿ ಕುಳಿತಿದ್ದ ಲೀಲಂಡ್‌ಗೆ ಕೊಂಬು ಅಲುಗಿದ್ದು ಕಂಡಿತ್ತು. ಗುಂಡು ಅಣ್ಣನಿಗೆ ಬಡಿದಿತ್ತು. ಜಿಂಕೆ ಅಂದುಕೊಂಡೆ ಎಂದು ಅವನು ಕೋರ್ಟಿನಲ್ಲಿ ಹೇಳಿದ. ಅದು ಸುಳ್ಳಲ್ಲ.

"ಅದಕ್ಕೇ," ಎಂದಳು ಕೊರಿನ್. ಅವಳ ಎರಡು ಕೈಗಳೂ ಲೀಲಂಡ್‌ನ ತೋಳು ಹಿಡಿದಿದ್ದವು. "ಅದಕ್ಕೇ ಲೀ! ನಿಂಗೆ ಸರಿಯಾಗಿ ಕಂಡೇ ಇಲ್ಲ. ಎಷ್ಟು ಸಲ ಕೇಳಿದೀನಿ ನಿನ್ನ, ಅಷ್ಟು ನಿಧಾನಸ್ಥ ನೀನು, ಹೆಂಗಾಯ್ತು ಅಂತ. ನೀನು ತಲೆ ಬಗ್ಗಿಸ್ಕೊಂಡು ಕೂತಿರ್ತಿದ್ದೆ. ನಿಂಗೇ ಗೊತ್ತಿರ್ಲಿಲ್ಲ! ಹುಟ್ಟಿದಾಗಿಂದ ಕಣ್ಣೇ ಹಂಗಿದ್ರೆ ನೀನಾದ್ರೂ ಏನ್ಮಾಡ್ತೀಯ?"

ಅವಳು ಅಳುತ್ತಿದ್ದಳು. ಅಳುತ್ತಲೇ ನಗುತ್ತಿದ್ದಳು. ಲೀಲಂಡ್‌ಗೆ ತನ್ನ ಬಾಯಿ ತಾನಾಗಿ ತೆರೆದದ್ದು ತಿಳಿಯಿತು.

"ಇರಬಹುದು," ಎಂದ.

ಎಷ್ಟು ಸುಲಭವಾಗಿ ಬಂತು. ಎದೆಯ ಮೇಲೆ ಕುಳಿತಿದ್ದ ಏನೋ ಎದ್ದು ಆಚೆ ಸರಿದಂತಾಯಿತು. ಡ್ವೇನ್ ತಲೆ ಎತ್ತಿ ಒಮ್ಮೆ ಅವನನ್ನು ನೋಡಿ ಮತ್ತೆ ಒರೆಸುವುದಕ್ಕೆ ತೊಡಗಿದ.

"ಟೆಸ್ಸಾಗೆ ಈಗ್ಲೇ ಹೇಳ್ತೀನಿ," ಎಂದು ಕೊರಿನ್ ಚೀಲದಲ್ಲಿ ಫೋನು ತಡಕಿದಳು. ಚಿಕ್ಕಪ್ಪನ ಗಾಡಿ ಅಂಗಳದಲ್ಲಿ ಕಂಡರೆ ಇಳಿಯದೇ ವಾಪಸು ಹೋಗುವ ಮಗಳು. "ಈ ಸಲ ಅವಳು ಊಟಕ್ಕೆ ಬರ್ತಾಳೆ ನೋಡು. ನೀನಿದ್ದಾಗ್ಲೇ ಬರ್ತಾಳೆ."

ಅವಳ ಹೆಬ್ಬೆರಳು ಗಾಜಿನ ಮೇಲೆ ಹೆಸರು ಹುಡುಕುತ್ತಿತ್ತು. ಅವನು ಸುಮ್ಮನಿದ್ದರೆ ಸಾಕಿತ್ತು. ಆದರೆ ಆ ದಿನ ಅವನ ಬಂದೂಕಿಗೆ ದುರ್ಬೀನು ಇತ್ತು. ಬಲಗಣ್ಣು ಅದರ ಮೇಲಿತ್ತು, ಎಡಗಣ್ಣು ಮುಚ್ಚಿತ್ತು. ಮುಚ್ಚಿದ ಕಣ್ಣು ಯಜಮಾನನಾದರೇನು, ಆಳಾದರೇನು? ಇದು ಡ್ವೇನ್‌ಗೆ ಗೊತ್ತು. ನಾಳೆಯೋ ಹತ್ತು ವರ್ಷದ ಮೇಲೋ ಯಾರಾದರೂ ಟೆಸ್ಸಾಗೂ ಹೇಳಿಯಾರು. ಆದರೆ ಅವನು ಬಾಯಿ ಬಿಟ್ಟದ್ದು ಆ ಹೆದರಿಕೆಗಲ್ಲ. ಅವಳ ಮುಖದಲ್ಲಿದ್ದ ಬೆಳಕನ್ನು ನೋಡಿಕೊಂಡು ಪ್ರತಿ ಭಾನುವಾರ ಎದುರಿಗೆ ಕುಳಿತು ಉಣ್ಣುವುದು ಆಗದು ಎನ್ನಿಸಿತು.

"ಫೋನಿಡು, ಕೊರಿನ್."

"ಯಾಕೆ?"

"ನಾನು ದುರ್ಬೀನಲ್ಲಿ ನೋಡ್ತಿದ್ದೆ. ಚೆನ್ನಾಗಿ ಕಾಣ್ತಿತ್ತು. ಹತ್ತು ಕವಲಿನ ಕೊಂಬು. ಎಣಿಸ್ದೆ."

"ಅದು ಗೊತ್ತು. ಕೊಂಬು ಕಾಣ್ತು ಅಂತ ಆಗ್ಲೇ ಹೇಳಿದೀಯ."

"ಅದಕ್ಕೆ ಕಾಲು ಗಂಟೆ ಮುಂಚೆ ವಾರನ್ ಹೊಡೆದ ಸದ್ದು ಕೇಳಿಸಿತ್ತು. ಅದನ್ನ ಹೇಳಿಲ್ಲ."

ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಂತಿತು. ಡ್ವೇನ್‌ನ ಕೈಯ ಚಿಂದಿಯೂ.

"ಗಾಯಗೊಂಡ ಜಿಂಕೆ, ನನ್ನ ಕಡೆ ಬರ್ತಿದೆ ಅಂದ್ಕೊಂಡೆ. ನಮ್ಮ ಬೇಟೆ ಗುಡಾರದ ನೇಮ ನಿಂಗೊತ್ತಲ್ಲ. ಅಪ್ಪನ ಕಾಲದಿಂದ. ಮೊದಲು ಯಾರೇ ಹೊಡೀಲಿ, ಕೆಡವಿದೋನದೇ ಕೊಂಬು." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಅವನು ಅದರ ಹಿಂದೇನೇ ಬರ್ತಿರ್ತಾನೆ ಅಂತ ನಂಗೆ ಗೊತ್ತಿತ್ತು. ಅವನು ಬರೋದ್ರೊಳಗೆ ಕೆಡವ್ಬೇಕು ಅಂತ ಹೊಡೆದೆ."

ಕೊರಿನ್ ಫೋನನ್ನು ಚೀಲಕ್ಕೆ ಹಾಕಿದಳು. ಚೀಲದ ಜಿಪ್ಪು ಎಳೆಯಲು ಬಹಳ ಹೊತ್ತು ಬೇಕಾಯಿತು.

"ಕೊಂಬಿಗೆ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

"ಹೂಂ."

"ಇನ್ನೂರೈವತ್ತು ಭಾನುವಾರ ನನ್ನ ಮೇಜಿಗೆ ಕೂತು ಊಟ ಮಾಡಿದೀಯ, ಲೀ."

ಅವಳು ಬಾಗಿಲು ತೆರೆದು ಹೊರಟಳು. ಆಗಸ್ಟಿನ ಬಿಸಿಲು ಒಂದು ಪಟ್ಟಿಯಷ್ಟು ಒಳಗೆ ಬಿದ್ದು, ಬಾಗಿಲು ಮುಚ್ಚಿದಾಗ ಅಳಿಸಿಹೋಯಿತು.

"ಇರಬಹುದು ಅಂದಿದ್ಯಲ್ಲ," ಎಂದ ಡ್ವೇನ್ ಮೆಲ್ಲಗೆ. "ಅಲ್ಲಿಗೇ ಬಿಡೋಕೇನಾಗಿತ್ತು? ನಾನಂತೂ ಬಾಯಿ ಬಿಡ್ತಿರ್ಲಿಲ್ಲ."

"ಗೊತ್ತು."

"ಈ ಬಿಲ್ಲು?"

ಹಳೆಯ ಹೆದೆ ಬಿಚ್ಚಿ ಮೇಜಿನ ಮೇಲೆ ಸುತ್ತಿಕೊಂಡು ಬಿದ್ದಿತ್ತು. ಹೊಸದನ್ನು ಇನ್ನೂ ಕಟ್ಟಿರಲಿಲ್ಲ. ಲೀಲಂಡ್ ಕಿಟಕಿಯ ಬಳಿ ಹೋಗಿ ನಿಂತ. ಕೊರಿನ್‌ಳ ಗಾಡಿ ಅಂಗಳ ದಾಟಿ ಹೆದ್ದಾರಿಯ ಅಂಚಿಗೆ ಹೋಗಿತ್ತು. ತಿರುವಿನ ದೀಪ ಮಿನುಗುತ್ತಿತ್ತು. ರಸ್ತೆಯಲ್ಲಿ ಆ ಕಡೆಯಿಂದಾಗಲಿ ಈ ಕಡೆಯಿಂದಾಗಲಿ, ಕಣ್ಣು ಹರಿಯುವಷ್ಟು ದೂರಕ್ಕೂ ಒಂದು ವಾಹನವಿರಲಿಲ್ಲ. ದೀಪ ಮಿನುಗುತ್ತಲೇ ಇತ್ತು. ಗಾಡಿ ತಿರುಗಲಿಲ್ಲ.