ಮೇಲಿನ ಮನೆಯ ಸದ್ದಿನ ಡೈರಿ

ವೆರಿಬೀ ಎಂಬ ಸಬರ್ಬಿನ ತಮ್ಮ ಫ್ಲಾಟಿನ ಸೋಫಾದಲ್ಲಿ ಕೂತುಕೊಂಡೇ, ಒಂಬೈನೂರು ಕಿಲೋಮೀಟರ್ ದೂರದ ಸಿಡ್ನಿಯಲ್ಲಿ ಮಗಳು ಫ್ರಿಜ್ಜಿನ ಬಾಗಿಲನ್ನು ಸರಿಯಾಗಿ ಮುಚ್ಚದೆ ಹೋದದ್ದನ್ನು ವಿರುಪಾಕ್ಷ ಬರಿಗಿವಿಯಲ್ಲಿ ಕೇಳಿಸಿಕೊಂಡಿದ್ದರು. ಕೂಡಲೇ ಫೋನ್ ಮಾಡಿ, "ಪಲ್ಲವೀ, ಹಾಲು ಕೆಡತ್ತೆ, ಬಾಗಿಲು ಹಾಕು" ಅಂದರಂತೆ. ಅವಳು ಹೋಗಿ ನೋಡಿದರೆ ಎರಡು ಬೆರಳಿನಷ್ಟು ಸಂದು! ಸುಳ್ಳು ಅನ್ನುವವರು ಪಲ್ಲವಿಯನ್ನೇ ಕೇಳಬಹುದು. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಸದಾ ಮೀಟಿಂಗಿನಲ್ಲಿರುವ ಅವಳು ಇದುವರೆಗೆ ಯಾರ ಕೈಗೂ ಸಿಕ್ಕಿಲ್ಲ, ಅಷ್ಟೆ.

ಅಂಥ ಕಿವಿ ಸುಮ್ಮನೆ ಬರುತ್ತದೆಯೇ? ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಲೈನುಗಳಿಗೆ ಕಿವಿಗೊಟ್ಟವರು ಅವರು. ರಿಸೀವರ್ ಎತ್ತಿ ಒಂದು ಕ್ಷಣ ಕರಕರ ಕೇಳಿದರೆ ಸಾಕು, ಯಾವ ಬೀದಿಯ ಎಷ್ಟನೇ ಕಂಬದಲ್ಲಿ ತಂತಿ ಸಡಿಲವಾಗಿದೆ, ಆ ಕಂಬದ ಮೇಲೆ ಕೂತಿರುವುದು ಕಾಗೆಯೋ ಗಿಳಿಯೋ ಎಂದು ಹೇಳಿಬಿಡುತ್ತಿದ್ದರು. ಯಾರ ಮನೆಗೆ ಊಟಕ್ಕೆ ಹೋದರೂ ಈ ಕಥೆಗಳು ಪಾಯಸಕ್ಕಿಂತ ಮೊದಲೇ ಬಡಿಸಲ್ಪಡುತ್ತಿದ್ದವು.

ಅದೇ ಕಿವಿಗೆ ಈಗ ಒಂದೂವರೆ ವರ್ಷದಿಂದ ಪಕ್ಕದಲ್ಲಿ ಕೂಗುವ ಕುಕ್ಕರೂ ಕೇಳಿಸುತ್ತಿರಲಿಲ್ಲ.

ಇದು ಹೆಂಡತಿ ಸುಜಾತಾಗೂ ಗೊತ್ತಿರಲಿಲ್ಲ. ವಿರುಪಾಕ್ಷ ಎಲ್ಲಿ ಹೋದರೂ ಮಾತಾಡುವವರ ಎದುರಿಗೇ ಕುರ್ಚಿ ಎಳೆದುಕೊಳ್ಳುತ್ತಿದ್ದರು, ತುಟಿ ಕಾಣಬೇಕಲ್ಲ. ಟಿವಿಯಲ್ಲಿ ಕೆಳಗೆ ಅಕ್ಷರ ಹಾಕಿಸಿದ್ದು "ಇಲ್ಲಿಯವರ ಇಂಗ್ಲಿಷ್ ಕಲಿಯೋಕೆ". ಎಲ್ಲಕ್ಕಿಂತ ದೊಡ್ಡ ಉಪಾಯವೆಂದರೆ ತಾವೇ ಬಿಡುವಿಲ್ಲದೆ ಮಾತಾಡುವುದು. ಮಾತಾಡುತ್ತಿರುವಷ್ಟು ಹೊತ್ತು ಇನ್ನೊಬ್ಬರದನ್ನು ಕೇಳಿಸಿಕೊಳ್ಳುವ ಪ್ರಮೇಯವೇ ಇಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿತ್ತು, ಮೇಲಿನ ಮನೆಗೆ ಗಾನವಿ ಬಾಡಿಗೆಗೆ ಬರುವವರೆಗೆ. ಹಾಸನದ ಹುಡುಗಿ, ಓದಲು ಬಂದವಳು ಇಲ್ಲೇ ಕಾಯಂ ಇರಲು ಪಿಆರ್ ಮಾಡಿಕೊಂಡು, ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕಿದ್ದಳು. ಗಂಡನಿಂದ ಬೇರೆಯಾಗಿ ಐದು ವರ್ಷದ ಮಗ ಅದ್ವಿಕ್‌ನೊಂದಿಗೆ ಇದ್ದಳು. ಬೆಳಗಿನ ಶಿಫ್ಟಿಗೆ ಹೊರಡುವ ಮೊದಲು, ನಾಲ್ಕೂವರೆಗೇ ಅವಳ ವಾಷಿಂಗ್ ಮಷೀನ್ ಶುರು. ಸಂಜೆಯಾದರೆ ಅದ್ವಿಕ್ ಸೋಫಾದಿಂದ ನೆಲಕ್ಕೆ ಜಿಗಿಯುತ್ತಿದ್ದ.

"ರೀ, ತಲೆ ಮೇಲೆ ಒನಕೆಲಿ ಕುಟ್ಟಿದ ಹಾಗಾಗತ್ತೆ. ನೀವು ಹ್ಯಾಗ್ರೀ ಗೊರಕೆ ಹೊಡೀತೀರ?" ಎಂದು ಸುಜಾತಾ ಗೋಳಾಡಿದರು.

"ನಂಗೆ ಕೇಳಿಸಲ್ಲ ಅಂದ್ಕೊಂಡ್ಯಾ? ಆ ಮಗೂಗೆ ಬಲಗಾಲಿನ ಹೆಬ್ಬೆರಳಲ್ಲಿ ಉಗುರು ಬೆಳೆದಿದೆ, ಅದೂ ಕೇಳಿಸತ್ತೆ. ಸಹನೆಯಿಂದ ಇದ್ದೆ, ಅಷ್ಟೆ" ಅಂದರು ವಿರುಪಾಕ್ಷ. ಅಂದಮೇಲೆ ದೂರು ಕೊಡದೆ ವಿಧಿಯಿರಲಿಲ್ಲ.

ಬಿಲ್ಡಿಂಗಿನ ಕಮಿಟಿಯ ಅಧ್ಯಕ್ಷರು ನಿವೃತ್ತ ಡಾಕ್ಟರ್ ರಾಮಮೂರ್ತಿ, ಬೆಂಗಳೂರಿನವರು. ಅವರು ನಿಯಮದ ಮನುಷ್ಯ. ದೂರು ಕೊಟ್ಟ ಮಾಲೀಕರು ಎರಡು ವಾರ ಸದ್ದಿನ ಡೈರಿ ಬರೆಯಬೇಕು: ತಾರೀಖು, ಹೊತ್ತು, ಎಂಥ ಸದ್ದು, ಎಷ್ಟು ನಿಮಿಷ. ದೂರು ನಿಜವೆಂದು ಕಮಿಟಿ ಬರೆದುಕೊಟ್ಟರೆ ಗಾನವಿಯನ್ನು ಮನೆ ಬಿಡಿಸುವುದಾಗಿ ಅವಳ ಮನೆಯ ಏಜೆಂಟ್ ಈಗಾಗಲೇ ಪತ್ರ ಕಳಿಸಿದ್ದ. ಅಷ್ಟು ರೆಂಟಿಗೆ, ಅದ್ವಿಕ್‌ನ ಶಾಲೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆ ಆ ಸಬರ್ಬಿನಲ್ಲಿ ಇರಲಿಲ್ಲ.

ಮೊದಲ ವಾರ ಸುಜಾತಾ ಎದುರು ಕೂತು ಹೇಳಿದರು, ವಿರುಪಾಕ್ಷ ಬರೆದರು. ಎರಡನೇ ವಾರ ಏಪ್ರಿಲ್ ರಜೆ. ಮೊಮ್ಮಗಳನ್ನು ನೋಡಿಕೊಳ್ಳಲು ಸುಜಾತಾ ಸಿಡ್ನಿಗೆ ಹೋದರು. "ಡೈರಿ ಮರೀಬೇಡಿ" ಎಂದು ಬಾಗಿಲಲ್ಲಿ ಎರಡು ಸಲ ಹೇಳಿ ಹೋದರು.

ವಿರುಪಾಕ್ಷ ಗೋಡೆಗೆ ಅಂಗೈ ಒತ್ತಿ ನಿಂತರು. ಟೇಬಲ್ಲಿನ ಮೇಲೆ ಲೋಟದಲ್ಲಿ ನೀರಿಟ್ಟು ಅಲುಗುತ್ತದೆಯೇ ಎಂದು ನೋಡಿದರು. ಏನೂ ಇಲ್ಲ. ಆದರೆ ಎಕ್ಸ್‌ಚೇಂಜಿನ ಫಾಲ್ಟ್ ರಿಜಿಸ್ಟರಿನಲ್ಲಿ ಖಾಲಿ ಸಾಲು ಬಿಟ್ಟರೆ ಮೆಮೊ ಬರುತ್ತಿತ್ತು. ಡ್ಯೂಟಿಯಲ್ಲಿ ನಿದ್ದೆ ಮಾಡಿದೆ ಎಂದೇ ಅರ್ಥ. ಮೂವತ್ತನಾಲ್ಕು ವರ್ಷದ ಆ ಕೈ ಖಾಲಿ ಸಾಲನ್ನು ಸಹಿಸಲಿಲ್ಲ. ಬರೆಯಿತು. "ಸಂಜೆ ಐದೂಕಾಲು: ಆನೆ ನಡೆದಂಥ ಸದ್ದು, ನಲವತ್ತು ನಿಮಿಷ." "ಬೆಳಿಗ್ಗೆ ಆರು: ಎರಡು ಮಂಚ ಎಳೆದಾಡಿದ್ದು, ಇಪ್ಪತ್ತೆರಡು ನಿಮಿಷ." ಒಂದು ದಿನವೂ ಬಿಡಲಿಲ್ಲ. ಅಕ್ಷರ ಮುತ್ತಿನಂತಿತ್ತು.

ಸುಜಾತಾ ಮರಳಿದ ಭಾನುವಾರ ಮಧ್ಯಾಹ್ನ ರಾಮಮೂರ್ತಿಯವರ ಮನೆಯಲ್ಲಿ ಎಲ್ಲರೂ ಸೇರಿದರು. ಗಾನವಿ ಸೋಫಾದ ಅಂಚಿನಲ್ಲಿ ಕೂತಿದ್ದಳು, ಕೆಲಸದ ಯೂನಿಫಾರ್ಮಿನಲ್ಲೇ.

"ಮಷೀನ್‌ನ ಈಗ ಮಧ್ಯಾಹ್ನಾನೇ ಹಾಕ್ತೀನಿ ಆಂಟಿ. ದಪ್ಪ ಕಾರ್ಪೆಟ್ ತಂದು ಹಾಸಿದೀನಿ. ಮೊದಲ್ನೇ ವಾರದ್ದೆಲ್ಲ ನಿಜ, ಸಾರಿ" ಅಂದಳು. ಆಮೇಲೆ ಡೈರಿಯ ಎರಡನೇ ಹಾಳೆ ಓದಿದಳು. "ಅಂಕಲ್, ಇದು ಹನ್ನೊಂದರಿಂದ ಹದಿನೇಳು. ಆ ವಾರ ನಾವು ಇರ್ಲೇ ಇಲ್ಲ. ಸಿಡ್ನಿಲಿ ನಮ್ಮಕ್ಕ ನಿಕಿತಾ ಮನೇಲಿದ್ವಿ."

ರಾಮಮೂರ್ತಿ ಕನ್ನಡಕ ತೆಗೆದರು. "ಹಾಗಾದ್ರೆ ಬೇರೆ ಯಾರೋ ಇದ್ರು ಅಂತಾಯ್ತಲ್ಲಮ್ಮ. ಕೀ ಯಾರಿಗೆ ಕೊಟ್ಟಿದ್ದೆ? ಬೇರೆಯವ್ರಿಗೆ ಸಬ್‌ಲೆಟ್ ಮಾಡಿದ್ರೆ ಡೈರಿನೂ ಬೇಡ, ಏಜೆಂಟ್ ನಾಳೇನೇ ಹೊರಗೆ ಹಾಕ್ತಾನೆ. ವಿರುಪಾಕ್ಷ ಅವ್ರೇ, ಮೇಲೆ ಜನ ಇದ್ರಾ?"

ಎದುರೇ ಕೂತಿದ್ದ ವಿರುಪಾಕ್ಷರಿಗೆ ಆ ತುಟಿಗಳ ಒಂದೊಂದು ಮಾತೂ ಕಂಡಿತು. ಯೋಚಿಸುವ ಮೊದಲೇ ಬಾಯಿ ಓಡಿತು.

"ಇದ್ರು ಡಾಕ್ಟ್ರೇ. ಮೂರು ಜನ. ಒಬ್ಬ ಕುಂಟ್ತಿದ್ದ."

ರಾಮಮೂರ್ತಿ ಅದನ್ನು ಬರೆದುಕೊಂಡರು. ಗಾನವಿ ಜಗಳವಾಡಲಿಲ್ಲ, ಅಳಲಿಲ್ಲ. ಡೈರಿಯನ್ನು ಮೆಲ್ಲಗೆ ಟೇಬಲ್ಲಿನ ಮೇಲಿಟ್ಟು, "ಅಂಕಲ್, ಅದ್ವಿಕ್‌ಗೆ ಇಲ್ಲಿ ಒಬ್ಬ ಫ್ರೆಂಡ್ ಆಗಿದಾನೆ. ಮೊದಲ್ನೇ ಫ್ರೆಂಡು" ಅಂದಳಷ್ಟೆ.

ರಾಮಮೂರ್ತಿ ಡೈರಿಗೆ ಸಹಿ ಹಾಕಲು ಎತ್ತಿಕೊಂಡವರು ಅಲ್ಲಿಗೇ ನಿಲ್ಲಿಸಿದರು. "ಇದೇನ್ರೀ, ಹದಿಮೂರನೇ ತಾರೀಖು ಬೆಳಿಗ್ಗೆ ಏಳಕ್ಕೆ, 'ಮೇಲೆ ಪಿಸುಮಾತು, ಹನ್ನೊಂದು ನಿಮಿಷ' ಅಂತಿದೆ. ಅವತ್ತು ಏಳಕ್ಕೆ ಫೈರ್ ಅಲಾರ್ಮ್ ಬಡ್ಕೊಂಡು ಇಡೀ ಬಿಲ್ಡಿಂಗ್ ಅರ್ಧ ಗಂಟೆ ರಸ್ತೆಲಿ ನಿಂತಿತ್ತು! ನೀವೂ ಸಿಡ್ನಿಗೆ ಹೋಗಿದೀರ ಅಂದ್ಕೊಂಡು ನಿಮ್ಮ ಬಾಗಿಲು ಬಡಿಯೋಕೆ ಹೋಗ್ಲಿಲ್ಲ. ಆ ಗದ್ದಲದಲ್ಲಿ ಪಿಸುಮಾತು ಕೇಳಿಸ್ತಾ?"

ಸ್ನಾನಕ್ಕೆ ಹೋಗಿದ್ದೆ ಅನ್ನಬಹುದಿತ್ತು. ಪಿಸುಮಾತು ಕೇಳಿಸುವ ಕಿವಿಗೆ ಅಲಾರ್ಮ್ ಒಂದು ಲೆಕ್ಕವೇ ಅನ್ನಬಹುದಿತ್ತು. ನಾಲಿಗೆಯ ತುದಿಯಲ್ಲಿ ಇಂಥವು ನೂರಾರು ಸಾಲುಗಟ್ಟಿದ್ದವು. ಗಾನವಿ ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಳ್ಳುವುದು ಕಂಡಿತು. ಮನೆ ಹೋಯಿತೆಂದು ಆಗಲೇ ಒಪ್ಪಿಕೊಂಡವಳ ಹಾಗಿದ್ದಳು.

"ಕೂತ್ಕೋಮ್ಮ" ಅಂದರು ವಿರುಪಾಕ್ಷ. ದನಿ ಎಷ್ಟು ಜೋರಾಗಿದೆ ಎಂಬುದೂ ಅವರಿಗೆ ತಿಳಿಯಲಿಲ್ಲ. "ಡಾಕ್ಟ್ರೇ, ಬರ್ದಿದ್ದನ್ನ ಹೊಡೆದ್ಹಾಕಿ. ಆ ಮೂರು ಜನಾನ ನಾನೇ ಹುಟ್ಟಿಸಿದ್ದು. ಆ ವಾರದ್ದು ಒಂದು ಸಾಲೂ ನಿಜ ಅಲ್ಲ. ಮೇಲೆ ಮನೆ ತುಂಬಿತ್ತೋ ಖಾಲಿ ಇತ್ತೋ ನಂಗೆ ಗೊತ್ತಿಲ್ಲ."

"ಅಂದ್ರೆ?"

"ನಂಗೆ ಕಿವಿ ಕೇಳಿಸಲ್ಲ. ಹೋದ ವರ್ಷಕ್ಕಿಂತ ಮುಂಚಿನಿಂದ. ಅಲಾರ್ಮೂ ಕೇಳಿಸ್ಲಿಲ್ಲ. ನಿಜವಾಗ್ಲೂ ಬೆಂಕಿ ಬಿದ್ದಿದ್ರೆ ಅಲ್ಲೇ ಕೂತು ಬರೀತಾ ಇರ್ತಿದ್ದೆ."

ರಾಮಮೂರ್ತಿ ಎರಡನೇ ಹಾಳೆಯ ಮೇಲೆ ಅಡ್ಡಗೆರೆ ಎಳೆದು, "ಒಂದೇ ವಾರದ ಡೈರಿಗೆ ದೂರು ನಿಲ್ಲಲ್ಲ" ಎಂದು ಪೆನ್ನನ್ನು ವಿರುಪಾಕ್ಷರ ಕಡೆ ಚಾಚಿದರು. ವಿರುಪಾಕ್ಷ ಗೆರೆಯ ಕೆಳಗೆ ಸಹಿ ಹಾಕಿದರು. ಗಾನವಿ ಬ್ಯಾಗು ಇಳಿಸಿ ಮತ್ತೆ ಕೂತಳು.

ಪಕ್ಕದಲ್ಲಿ ಸುಜಾತಾ ಮುಖ ಆಚೆ ತಿರುಗಿಸಿದ್ದರು. ಒಂದೂವರೆ ವರ್ಷ, ಅಡುಗೆಮನೆಯಿಂದ ಕರೆದರೆ ಓಗೊಡದ ಗಂಡನದು ಸೊಕ್ಕು, ತನ್ನ ಮೇಲಿನ ತಾತ್ಸಾರ ಎಂದು ನಂಬಿ, ಕೊನೆಗೆ ಕರೆಯುವುದನ್ನೇ ಬಿಟ್ಟಿದ್ದವರು. ಅವರ ಹೆಗಲು ಅಲುಗಿತು. ಏನೋ ಹೇಳುತ್ತಿದ್ದರು.

ವಿರುಪಾಕ್ಷ ಅವರ ಕೈ ಮುಟ್ಟಿದರು.

"ಈ ಕಡೆ ತಿರುಗಿ ಹೇಳು ಸುಜಾತಾ. ಏನಂದೆ? ನಂಗೆ ಕೇಳಿಸ್ಲಿಲ್ಲ."