ಗೋಡೆ ತೆಳುವಾದ ಮನೆ

"ಮನೆ ಕೊಳ್ಳೋಕೆ ಆ ಬೀದಿಯೇ ಯಾಕೆ ಬೇಕು?" ಎಂದು ಅವನು ಮತ್ತೆ ಕೇಳಿದ.

"ಶಾಲೆಗೆ ಹತ್ರ ಆಗುತ್ತಲ್ಲ ರೀ." ಹೆಂಡತಿ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು.

"ಇಲ್ಲಿಂದ್ಲೂ ಏನು ದೂರ ಇಲ್ಲ."

"ಸರಿ, ನಿಮಗಿಷ್ಟ ಬಂದ ಕಡೆನೇ ತಗೊಳ್ಳಿ."

ಅವಳು ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡಲು ಹೊರಟುಹೋದಳು. ಅಷ್ಟು ಸಲೀಸಾಗಿ ಒಪ್ಪಿದ್ದೇ ಅವನಿಗೆ ಸರಿಕಾಣಲಿಲ್ಲ.

ಸುಟ್ಟ ಅಂಗಡಿ ತಾನಾಗಿ ಸುಟ್ಟಿತೋ, ಯಾರಾದರೂ ಸುಟ್ಟರೋ ಎಂದು ಪತ್ತೆ ಹಚ್ಚುವುದು ವಿಮಾ ಕಂಪನಿಯಲ್ಲಿ ಅವನ ಕೆಲಸ. ಮಾಲೀಕನನ್ನು ಅವನು ಕೊನೆಗೆ ಮಾತಾಡಿಸುತ್ತಿದ್ದ. ಮೊದಲು ಅಕ್ಕಪಕ್ಕದವರು. ಮನೆಯ ವಿಷಯದಲ್ಲೂ ಹಾಗೇ ಮಾಡುವುದೆಂದು ಆಫೀಸಿಗೆ ರಜೆ ಹಾಕಿದ. ಹೆಂಡತಿಗೆ ಹೇಳಲಿಲ್ಲ.

ಮೊದಲು ತಾನು ಮೆಚ್ಚಿದ ಗುಡ್ಡದ ಬಡಾವಣೆಗೆ ಹೋದ. ಎತ್ತರದ ಕಾಂಪೌಂಡುಗಳು, ಮುಚ್ಚಿದ ಗೇಟುಗಳು. "ಪಕ್ಕದ ಮನೇಲಿ ಯಾರಿದಾರೆ?" ಎಂದು ಕಾವಲುಗಾರನನ್ನು ಕೇಳಿದ.

"ಗೊತ್ತಿಲ್ಲ ಸಾರ್. ಇಲ್ಲಿ ಯಾರೂ ಯಾರ ತಂಟೆಗೂ ಹೋಗಲ್ಲ."

ಅವನಿಗೆ ಹಾಯೆನಿಸಿತು. ಮಾರಾಟಕ್ಕಿದ್ದ ಮನೆಯ ಒಳಗೆ ಹೋಗಿ ಬಾಗಿಲು ಹಾಕಿದರೆ ಹೊರಗಿನ ಲೋಕವೇ ನಿಂತುಹೋಯಿತು. ಗೋಡೆಗೆ ಗುದ್ದಿ ನೋಡಿದ. ಕೈ ನೋಯಿತೇ ಹೊರತು ಸದ್ದಾಗಲಿಲ್ಲ.

ಅವಳು ಮೆಚ್ಚಿದ ಬೀದಿ ರೈಲು ಹಳಿಯ ಪಕ್ಕದಲ್ಲಿತ್ತು. ಬಾಲ್ಕನಿಗಳು ಒಂದಕ್ಕೊಂದು ಮೈತಾಗಿಸಿಕೊಂಡಿದ್ದವು. ಒಬ್ಬರ ರೇಡಿಯೋ ಬೀದಿಗೆಲ್ಲ ಸಾಕಾಗುತ್ತಿತ್ತು. ಇಂಥ ಕಡೆ ಅವಳಿಗೇನು ಕೆಲಸ? ಒಂದೇ ಕಾರಣ ಇರಬೇಕು, ಆ ಕಾರಣ ಇಲ್ಲೇ ಎಲ್ಲೋ ವಾಸವಾಗಿರಬೇಕು. ಸೈಕಲ್ ರಿಪೇರಿಯವನನ್ನು ದಿಟ್ಟಿಸಿದ. ಬಾಲ್ಕನಿಯಲ್ಲಿ ಗಡ್ಡ ಹೆರೆಯುತ್ತಿದ್ದವನನ್ನು ದಿಟ್ಟಿಸಿದ. ಆತ ನೊರೆಯ ಮುಖದಲ್ಲೇ ನಕ್ಕ. ಯಾಕೆ ನಕ್ಕ?

ಮಾರಾಟಕ್ಕಿದ್ದ ಮನೆ ಮಹಡಿಯಲ್ಲಿತ್ತು. ಕೆಳಗೆ ಬಟ್ಟೆ ಹೊಲಿಯುವ ಹೆಂಗಸು. ಅವನು ತನ್ನ ಕಸುಬಿನ ಮುಗುಳ್ನಗೆ ತಂದುಕೊಂಡ. "ಮೇಲಿನ ಮನೆ ನೋಡೋಕೆ ತುಂಬಾ ಜನ ಬರ್ತಾರೇನಮ್ಮಾ?"

"ಎಲ್ಲಿ ಬರ್ತಾರೆ! ಮೊನ್ನೆ ಒಬ್ಬ ಟೀಚರಮ್ಮ ಬಂದಿದ್ರು. ಗಣಿತ ಹೇಳಿಕೊಡ್ತಾರಂತೆ. ಮಾತು ಮಾತಿಗೂ ಕನ್ನಡಕ ತೆಗೆದು ಒರೆಸ್ಕೊಳ್ತಿದ್ರು."

ಅವನ ಕಿವಿ ನೆಟ್ಟಗಾಯಿತು. "ಜೊತೇಲಿ ಯಾರಿದ್ರು?"

"ಒಬ್ರೇ."

"ಯಾರನ್ನಾದ್ರೂ ವಿಚಾರಿಸಿದ್ರಾ?"

"ನನ್ನನ್ನೇ. ಮೇಲೆ ಯಾರಾದ್ರೂ ಕೂಗಿದ್ರೆ ನಿಮಗೆ ಕೇಳಿಸುತ್ತಾ ಅಂದ್ರು. ಕೂಗೋದೇನು ತಾಯಿ, ಗೋಡೆ ತೆಳು, ಸೀನಿದ್ರೂ ಬೀದಿಗೆಲ್ಲ ಕೇಳುತ್ತೆ ಅಂದೆ. ಅಯ್ಯೋ, ಕುಂದು ಹೇಳಿ ಗಿರಾಕಿ ಓಡಿಸಿಬಿಟ್ಟೆ ಅಂದ್ಕೊಂಡೆ. ಆಯಮ್ಮನ ಮುಖ ಅರಳೇಬಿಡ್ತು ಸಾರ್! ಇದೇ ಸಾಕು ಅಂದ್ರು."

ಅವನು ಮೆಟ್ಟಿಲು ಹತ್ತಿದ.

ಖಾಲಿ ಕೋಣೆಯ ನಡುವೆ ನಿಂತ. ಇವತ್ತಿನವರೆಗೂ ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ನಿಜ. ಕೇಳುತ್ತಿದ್ದ, ಅಷ್ಟೆ. ಎಲ್ಲಿಗೆ ಹೋಗಿದ್ದೆ, ಯಾರು ಸಿಕ್ಕರು, ಈಗ ಯಾಕೆ ನಕ್ಕೆ. ಅದನ್ನೇ ತಿರುಗಾಮುರುಗಾ ಮಾಡಿ ಮತ್ತೆ ಕೇಳುತ್ತಿದ್ದ; ಸುಳ್ಳು ಹಾಗೆಯೇ ಸಿಕ್ಕಿಬೀಳುವುದು. ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರೆ ಹೊರಗೆ ನಿಂತು ಕೇಳುತ್ತಿದ್ದ. ಆಮೇಲೆ ಒಂದು ದಿನ, ತುಕ್ಕು ಹಿಡಿದಿದೆಯೆಂದು ಆ ಚಿಲಕ ಬಿಚ್ಚಿ ಹಾಕಿದ. ಹೊಸದು ತರಲಿಲ್ಲ. ಅದಕ್ಕೆಲ್ಲ ಯಾರಾದರೂ ಹೆದರುತ್ತಾರೆಯೇ? ಅವನಿಗೆ ಅವಮಾನವಾಯಿತು, ಅದರಡಿಯಲ್ಲಿ ಭಯವೂ ಇತ್ತು. ಹೊಲಿಗೆಯವಳು ಸುಳ್ಳು ಹೇಳಿರಬೇಕು. ಹೆಂಡತಿಯೇ ಹೇಳಿಕೊಟ್ಟಿರಬೇಕು. ಇಷ್ಟು ದಪ್ಪ ಕಾಣುವ ಗೋಡೆಯಾಚೆ ಏನು ಕೇಳಿಸೀತು? ಪರೀಕ್ಷಿಸಿಯೇ ಬಿಡೋಣವೆಂದು ಬಾಯಿ ತೆರೆದ. ಕೂಗಬೇಕೆಂದೇನೂ ಇರಲಿಲ್ಲ. ಬಂದದ್ದು ಪ್ರತಿ ಸಂಜೆಯ ಅದೇ ಮೆಲುದನಿ.

"ಎಲ್ಲಿಗೆ ಹೋಗಿದ್ದೆ? ನಿಜ ಹೇಳು."

ಕೆಳಗಿನಿಂದ ಹೆಂಗಸಿನ ದನಿ ಬಂತು. "ಯಾರನ್ನ ಕೇಳ್ತಿದೀರಿ ಸಾರ್? ಮೇಲೆ ಯಾರಿದಾರೆ?"

ಎದುರಿನ ಕಿಟಕಿಯೊಂದು ತೆರೆಯಿತು. ಪಕ್ಕದ ಬಾಲ್ಕನಿಗೆ ಒಬ್ಬಳು ಒದ್ದೆ ಕೈಯಲ್ಲೇ ಬಂದು ನಿಂತಳು. ಯಾರೋ ರೇಡಿಯೋ ಆರಿಸಿದರು. ಯಾರೂ ಒಳಗೆ ಹೋಗಲಿಲ್ಲ.

ಅವನು ಹಿಂದೆ ಸರಿದ. ಕಿಟಕಿಗಳಿಗೆ ಪರದೆ ಇರಲಿಲ್ಲ. ಮರೆಗೆ ನಿಲ್ಲೋಣವೆಂದರೆ ಕೋಣೆಯಲ್ಲಿ ಒಂದು ಬೀರುವೂ ಇರಲಿಲ್ಲ. ಎದುರಿನ ಬಾಲ್ಕನಿಯಲ್ಲಿ ಇನ್ನೂ ಒಬ್ಬರು ಬಂದು ನಿಂತು, ಅವನು ಉತ್ತರ ಕೊಡುವುದನ್ನು ಕಾಯತೊಡಗಿದರು.